ಗುಣವಾಚಕಗಳ ರೂಪ ಬದಲಾಗುವುದರಲ್ಲಿ ಜರ್ಮನ್‌ಗೂ ಸ್ಪ್ಯಾನಿಷ್‌ಗೂ ಏನು ವ್ಯತ್ಯಾಸ?

ಎರಡರಲ್ಲೂ ರೂಪ ಬದಲಾಗುತ್ತದೆ, ಆದರೆ ಕಾರಣ ಬೇರೆ ಬೇರೆ. ಸ್ಪ್ಯಾನಿಷ್ ಗುಣವಾಚಕ ನಾಮಪದದ ಲಿಂಗ, ವಚನಗಳನ್ನು ಅನುಸರಿಸುತ್ತದೆ: ಬಿಳಿ ಮನೆ ‘ಕಾಸಾ ಬ್ಲಾಂಕಾ’, ಬಿಳಿ ಮನೆಗಳು ‘ಕಾಸಾಸ್ ಬ್ಲಾಂಕಾಸ್’. ‘ಮನೆಗಳು ಬಿಳಿಯಾಗಿವೆ’ ಎನ್ನುವಾಗಲೂ ‘ಬ್ಲಾಂಕಾಸ್’ ಎಂದೇ ಹೇಳಬೇಕು. ಫ್ರೆಂಚ್, ಇಟಾಲಿಯನ್‌ಗಳದ್ದೂ ಹೆಚ್ಚುಕಡಿಮೆ ಇದೇ ದಾರಿ.

ಕಲಿಯುವವರನ್ನು ಸುಸ್ತು ಮಾಡುವುದು ಜರ್ಮನ್. ಅಲ್ಲಿ ಲಿಂಗ, ವಚನಗಳ ಜೊತೆಗೆ ವಿಭಕ್ತಿಯೂ ಬೇಕು, ಗುಣವಾಚಕಕ್ಕಿಂತ ಮೊದಲು ಯಾವ ಆರ್ಟಿಕಲ್ (ಇಂಗ್ಲಿಷ್‌ನ the, a ತರಹದ ಪದ; ಜರ್ಮನ್‌ನಲ್ಲಿ ‘ದೆರ್’, ‘ಐನ್’ ಇತ್ಯಾದಿ) ಇದೆ ಎಂಬುದೂ ಬೇಕು. ‘ದೆರ್ ಗೂಟೆ ವೈನ್’, ‘ಐನ್ ಗೂಟರ್ ವೈನ್’ ಎರಡೂ ಒಳ್ಳೆಯ ವೈನ್ ಕುರಿತೇ; ಎರಡೂ ಪ್ರಥಮಾ ವಿಭಕ್ತಿಯೇ. ‘ದೆರ್’ ತಾನೇ ಪುಲ್ಲಿಂಗವನ್ನು ಸಾರಿಬಿಡುವುದರಿಂದ ಗುಣವಾಚಕಕ್ಕೆ ‘ಎ’ ಸಾಕು. ‘ಐನ್’ ಪುಲ್ಲಿಂಗಕ್ಕೂ ನಪುಂಸಕಕ್ಕೂ ಒಂದೇ ಆಗಿರುವುದರಿಂದ ಲಿಂಗ ತೋರಿಸುವ ಹೊಣೆ ಗುಣವಾಚಕದ ಹೆಗಲಿಗೆ ಬಿದ್ದು ‘ಗೂಟರ್’ ಆಗುತ್ತದೆ. ಇಷ್ಟೆಲ್ಲ ಸತಾಯಿಸಿದ ಭಾಷೆ, ‘ವೈನ್ ಚೆನ್ನಾಗಿದೆ’ ಎನ್ನಲು ಯಾವ ಪ್ರತ್ಯಯವೂ ಇಲ್ಲದೆ ‘ದೆರ್ ವೈನ್ ಇಸ್ಟ್ ಗೂಟ್’ ಎಂದು ಮುಗಿಸಿಬಿಡುತ್ತದೆ!

ಜರ್ಮನ್ ಸೇರಿರುವ ಜರ್ಮ್ಯಾನಿಕ್ ಬಳಗದ ಭಾಷೆಗಳೆಲ್ಲ ಹೀಗಿಲ್ಲ. ಸ್ವೀಡಿಷ್‌ನಲ್ಲಿ ಆಖ್ಯಾತದಲ್ಲಿಯೂ, ಅಂದರೆ ‘ವೈನ್ ಚೆನ್ನಾಗಿದೆ’ ಎನ್ನುವಂಥ ಕಡೆಯೂ, ನಾಮಪದಕ್ಕೆ ಹೊಂದಾಣಿಕೆ ಬೇಕು. ಇಂಗ್ಲಿಷ್ ಅಂತೂ ಈ ಪ್ರತ್ಯಯಗಳನ್ನೆಲ್ಲ ಎಂದೋ ಕಳಚಿಕೊಂಡಿದೆ.

ಇನ್ನು ಸ್ಥಾನ. ಜರ್ಮನ್‌ನಲ್ಲಿ ಗುಣವಾಚಕ ನಾಮಪದಕ್ಕಿಂತ ಮೊದಲು, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್‌ನಂಥ ರೊಮಾನ್ಸ್ ಭಾಷೆಗಳಲ್ಲಿ ಸಾಮಾನ್ಯವಾಗಿ ನಂತರ. ಫ್ರೆಂಚ್‌ನಲ್ಲಿ ‘ಮನುಷ್ಯ’ ಎಂಬ ಪದಕ್ಕಿಂತ ಮೊದಲು ‘ಗ್ರಾಂ’ (ದೊಡ್ಡ) ಬಂದರೆ ಮಹಾಪುರುಷ, ನಂತರ ಬಂದರೆ ಬರೀ ಎತ್ತರದ ಮನುಷ್ಯ.