ಪಟ್ಟಿಯಲ್ಲಿ ಬರೆಯದೆ ಬಿಟ್ಟ ಬಾಕಿ

ಆತ್ಮಿಕ ಸಂಕಟವೆಂದು ಸಲಹೆ ಕೇಳಿ ನನ್ನಲ್ಲಿಗೆ ಬಂದ ಇವರು ದಾವಣಗೆರೆಯ ದಲ್ಲಾಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ವಯಸ್ಸು 44. ತಂದೆ ಹತ್ತಿ ಗಿರಣಿಯಲ್ಲಿ ದುಡಿದವರು, ತಾಯಿ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಮಕ್ಕಳಿಗೆ ಭಾನುವಾರ ಬೈಬಲ್ ಕಥೆ ಹೇಳಿಕೊಡುತ್ತಿದ್ದವರು. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕುಳಿತು, ಚೀಲದಿಂದ ರಟ್ಟಿನ ಹೊದಿಕೆಯ ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಮಂಡಿಯ ಕಿರ್ದಿ ಪುಸ್ತಕದಂತೆಯೇ ಅದರಲ್ಲಿ ಗೆರೆ ಎಳೆದು, ಎಡಕ್ಕೆ ಬಾಕಿ, ಬಲಕ್ಕೆ ತೀರಿಸುವ ಬಗೆ ಎಂದು ಬರೆದಿದ್ದರು. 9 ವರ್ಷ ಸಭೆಗೆ ಹೋಗದಿದ್ದಕ್ಕೆ 40 ಶುಕ್ರವಾರ ಉಪವಾಸ. ಕೊಡದೆ ಉಳಿದ ದಶಮಾಂಶಕ್ಕೆ, ಅಂದರೆ ಸಭೆಗೆ ಸಲ್ಲಿಸುವ ಆದಾಯದ ಹತ್ತನೇ ಒಂದು ಪಾಲಿಗೆ, ತಿಂಗಳ ಕಂತು. ಒಂದೇ ವರ್ಷದಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಸಂಪೂರ್ಣ ಪಾರಾಯಣ. ಪ್ರತಿ ಶನಿವಾರ ಚರ್ಚಿನ ಕಸ ಗುಡಿಸುವುದು. ಅಕ್ಷರ ಎಷ್ಟು ದುಂಡಗಿತ್ತೆಂದರೆ ಒಂದು ಕಡೆಯೂ ಹೊಡೆದುಹಾಕಿದ ಗುರುತಿರಲಿಲ್ಲ. "ಇಷ್ಟು ಮಾಡಿದ್ರೆ ದೇವರು ವಾಪಸ್ ಸೇರಿಸ್ಕೋತಾನಾ, ನೀವೇ ಹೇಳಿ" ಎಂದು ಕೇಳಿದರು.

ಬಿಟ್ಟುಹೋದದ್ದೇಕೆ ಎಂಬುದನ್ನು ಹೇಳಲು ಅವರಿಗೆ ಎರಡು ಭೇಟಿಗಳು ಬೇಕಾದವು. ತಾಯಿಗೆ ಕ್ಯಾನ್ಸರ್ ಆಗಿದ್ದಾಗ ಹೊರ ಊರಿನಿಂದ ಬಂದಿದ್ದ ಬೋಧಕರೊಬ್ಬರು ಹಾಸಿಗೆಯ ಪಕ್ಕದಲ್ಲಿ ಪ್ರಾರ್ಥಿಸಿ, ಖಂಡಿತ ವಾಸಿಯಾಗುತ್ತದೆ ಎಂದು ಭರವಸೆ ಕೊಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ, ಮನೆಯವರ ವಿಶ್ವಾಸ ಸಾಲದೆ ಹೋಯಿತು ಎಂದರಂತೆ. ಸಮಾಧಿಯ ಮಣ್ಣು ಒಣಗುವ ಮೊದಲೇ ಇವರು ಸಭೆಯನ್ನು ಬಿಟ್ಟರು. ಆಮೇಲೆ ಧ್ಯಾನ ಶಿಬಿರ, ಗುರುಗಳೊಬ್ಬರ ಪ್ರವಚನ, ಜ್ಯೋತಿಷ್ಯ, ಕೊನೆಗೆ ದೇವರೇ ಇಲ್ಲವೆಂಬ ತೀರ್ಮಾನ. ಆ ದಾರಿಗಳನ್ನು ಹೀಗಳೆಯುವ ಹಕ್ಕು ನನಗಿಲ್ಲ, ಮನಸ್ಸೂ ಇಲ್ಲ. ಧ್ಯಾನ ಶಿಬಿರದಲ್ಲಿ ಸುಮ್ಮನೆ ಕೂರುವುದನ್ನು ಕಲಿತದ್ದು ಅವರಿಗೆ ಇಂದಿಗೂ ನೆರವಾಗುತ್ತಿದೆ. ಆದರೆ ಹೋದಲ್ಲೆಲ್ಲ ಅಮ್ಮನ ಸಾವಿಗೆ ಉತ್ತರವನ್ನಷ್ಟೇ ಕೇಳುತ್ತಿದ್ದೆ ಎಂದು ಅವರೇ ಒಪ್ಪಿಕೊಂಡರು.

ನಿದ್ರೆ, ಹಸಿವು, ಸಾಯಬೇಕೆಂಬ ಯೋಚನೆ, ಇವುಗಳ ಬಗ್ಗೆ ನೇರವಾಗಿ ವಿಚಾರಿಸಿದೆ. ಆತ್ಮಿಕ ಸಂಕಟವೆಂದು ಬಂದವರಲ್ಲಿ ಖಿನ್ನತೆ ಅಡಗಿರುವುದು ಅಪರೂಪವಲ್ಲ, ಅದನ್ನು ಪ್ರಾರ್ಥನೆಯಿಂದಲೇ ನೀಗಿಸಿಕೊಳ್ಳಿ ಎನ್ನುವುದು ಅಪಾಯ. ಅಂಥ ಯೋಚನೆ ಅವರಲ್ಲಿರಲಿಲ್ಲ. ಆದರೂ ನಿದ್ರೆ ಕೆಟ್ಟಿದ್ದರಿಂದ ಮನೋವೈದ್ಯರನ್ನು ಕಾಣಲು ತಿಳಿಸಿ, ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಟ್ಟೆ.

ಅವರನ್ನು ಹೆಚ್ಚು ಹಿಂಡುತ್ತಿದ್ದದ್ದು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ 4ರಿಂದ 6ನೇ ವಚನಗಳು. ಒಮ್ಮೆ ಬೆಳಕನ್ನು ಕಂಡು ಬಿದ್ದುಹೋದವರನ್ನು ಮತ್ತೆ ತಿರುಗಿಸುವುದು ಅಸಾಧ್ಯವೆಂಬ ಆ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಮುಂದಿನ ವಚನಗಳನ್ನೂ ಓದಿ ಎಂದೆ. 9ನೇ ವಚನದಲ್ಲಿ ಬರೆದವರೇ ದನಿ ಬದಲಿಸಿ, ಪ್ರಿಯರೇ ಎಂದು ಕರೆದು, ನಿಮ್ಮ ವಿಷಯದಲ್ಲಾದರೋ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾರೆ. ಆ ಎಚ್ಚರಿಕೆ ಬೆನ್ನು ಹಾಕಿ ಹೊರಟವರನ್ನು ತಡೆಯುವುದಕ್ಕೆ, ಬಾಗಿಲಿಗೆ ಬಂದು ನಿಂತವರನ್ನು ಅಟ್ಟುವುದಕ್ಕಲ್ಲ ಎಂಬುದು ನನ್ನ ತಿಳುವಳಿಕೆ. ಇದು ಇಂದಿನ ಪ್ರಶ್ನೆಯೂ ಅಲ್ಲ: ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೆಸಿಯಸ್‌ನ ಆಜ್ಞೆಗೆ ಅಂಜಿ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿದ್ದ ಕ್ರೈಸ್ತರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಎಂಬ ಜಗಳ ಎದ್ದಾಗ, ಕಾರ್ಥೇಜಿನ ಬಿಷಪ್ ಸಿಪ್ರಿಯಾನರೂ ಅವರೊಂದಿಗಿದ್ದ ಬಿಷಪರೂ ಪಶ್ಚಾತ್ತಾಪದ ಅವಧಿಯನ್ನು ಗೊತ್ತುಮಾಡಿದರೇ ಹೊರತು ಬಾಗಿಲನ್ನು ಮುಚ್ಚಲಿಲ್ಲ.

ಆಮೇಲೆ ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಓದಿದೆವು. ತಂದೆಯಿಂದ ಆಸ್ತಿಯ ಪಾಲು ಪಡೆದು ಹೋಗಿ, ಅದನ್ನೆಲ್ಲ ಹಾಳುಮಾಡಿ, ದೂರದೇಶದಲ್ಲಿ ಹಂದಿ ಮೇಯಿಸುತ್ತಿದ್ದ ಕಿರಿಯ ಮಗ, ಮನೆಗೆ ಹೋಗಿ ಆಡಬೇಕಾದ ಮಾತನ್ನು ಮೊದಲೇ ಜೋಡಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ತಂದೆಯ ಎದುರು ನಿಂತಾಗ ಮೊದಲಿನ ಎರಡು ಮಾತು ಬಾಯಿಂದ ಬರುತ್ತವೆ. ಮೂರನೆಯದು ಬರುವುದೇ ಇಲ್ಲ, ಅಷ್ಟರಲ್ಲಿ ತಂದೆ ಆಳುಗಳಿಗೆ ನಿಲುವಂಗಿ ತರಲು ಹೇಳಿರುತ್ತಾನೆ. ನಿಮ್ಮ ನೋಟ್‌ಬುಕ್ಕಿನ ತುಂಬ ಇರುವುದು ಆ ಮೂರನೆಯ ಮಾತು ಎಂದೆ. ಹಮಾಲಿ ಲೆಕ್ಕವನ್ನು ದಿನವೂ ಬರೆಯುವ ಮನುಷ್ಯ ಇವರು. ಮೂಟೆಗಿಷ್ಟು ಎಂದು ಎಣಿಸಿಕೊಡುವುದಕ್ಕೂ ಮನೆಯವನಿಗೆ ಬಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ತಂದೆಯ ಬಳಿಯೇ ಉಳಿದು ದುಡಿದು, ತಮ್ಮನಿಗೆ ಸಿಕ್ಕ ಆದರಕ್ಕೆ ಮುನಿಯುವ, ಅದೇ ಅಧ್ಯಾಯದ ಹಿರಿಯ ಮಗನ ಮಾತು ಬಂದಾಗ ಅವರು ಅಕ್ಕನ ವಿಷಯ ತೆಗೆದರು. ತಂದೆಯ ಕೊನೆಯ 4 ವರ್ಷ ಹಾಸಿಗೆಯ ಸೇವೆಯನ್ನೆಲ್ಲ ಮಾಡಿದವರು ಅಕ್ಕ. ಅಕ್ಕನ ಮಗಳ ಮದುವೆಗೆಂದು ತಾಯಿ ಎತ್ತಿಟ್ಟಿದ್ದ ಎರಡು ಚಿನ್ನದ ಬಳೆಗಳನ್ನು ಇವರು ಕೇಳದೆ ಒಯ್ದು ಅಡವಿಟ್ಟಿದ್ದರು, ಬಿಡಿಸಿಕೊಳ್ಳಲಾಗದೆ ಅವು ಹರಾಜಾಗಿದ್ದವು. ಉಪವಾಸದ ವಾರವನ್ನೂ ದಶಮಾಂಶದ ಕಂತನ್ನೂ ಅಷ್ಟು ಜತನದಿಂದ ಬರೆದಿದ್ದ ಪುಸ್ತಕದಲ್ಲಿ ಆ ಬಳೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ದುಃಖದಿಂದ ದೇವರ ಮೇಲೆ ಮುನಿದದ್ದನ್ನು ಮಹಾಪಾಪವೆಂದು ಬರೆದುಕೊಂಡು, ಅಕ್ಕನಿಗೆ ಮಾಡಿದ ಅನ್ಯಾಯವನ್ನು ಪುಸ್ತಕದ ಹೊರಗೇ ಇಟ್ಟಿದ್ದರು. ಇಂಥ ಅದಲುಬದಲನ್ನು ನಾನು ಬೇರೆಯವರಲ್ಲೂ ಕಂಡಿದ್ದೇನೆ. ದೇವರ ಮುಂದೆ ಮಂಡಿಯೂರುವುದು ಅಕ್ಕನ ಮುಂದೆ ತಲೆ ತಗ್ಗಿಸುವುದಕ್ಕಿಂತ ಹಗುರ.

ಕೊಟ್ಟ ಸಲಹೆ ಹೀಗಿತ್ತು. ತಾಯಿಯ ಸಾವಿಗೆ ವಿಶ್ವಾಸದ ಕೊರತೆ ಕಾರಣವೆಂಬ ಮಾತನ್ನು ಮನಸ್ಸಿನಿಂದ ಕಿತ್ತುಹಾಕಬೇಕು. ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನನ 9ನೇ ಅಧ್ಯಾಯದಲ್ಲಿದೆ. ಸಿಟ್ಟನ್ನು ನುಂಗದೆ ಬೈಬಲಿನ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ ದೇವರಿಗೇ ಹೇಳಬೇಕು. ಕತ್ತಲೆಯಲ್ಲೇ ಮುಗಿಯುವ ಆ ಕೀರ್ತನೆಯೂ ಪ್ರಾರ್ಥನೆಯೇ. ಸದ್ಯಕ್ಕೆ ಯಾವ ಹರಕೆಯೂ ಬೇಡ, ಭಾನುವಾರ ಆರಾಧನೆಗೆ ಹೋಗಿ ಕುಳಿತು ಬಂದರೆ ಸಾಕು. ಮತ್ತಾಯನ 5ನೇ ಅಧ್ಯಾಯದಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದಿರುವುದರಿಂದ, ದಶಮಾಂಶದ ಬಾಕಿಗಿಂತ ಮುಂಚೆ ಬಳೆಗಳ ಬೆಲೆ ಅಕ್ಕನಿಗೆ ಸಲ್ಲಬೇಕು. ದೇವರು ನನ್ನನ್ನು ಕ್ಷಮಿಸಿದ್ದಾನೆ ಎಂಬ ಮಾತನ್ನು ಅಕ್ಕನ ಮನೆಯಲ್ಲಿ ಎತ್ತಬಾರದು, ಅಕ್ಕ ಕ್ಷಮಿಸಲೇಬೇಕೆಂದು ಕಾಯಲೂಬಾರದು. ಹಿಂದಿರುಗಿದವರು ಸಾಕ್ಷಿ ಹೇಳಲಿ, ಅಂದರೆ ತಮ್ಮ ಅನುಭವವನ್ನು ಎಲ್ಲರ ಮುಂದೆ ಹೇಳಲಿ ಎಂದು ಸಭೆಯ ಅಯ್ಯನವರು (ಪಾದ್ರಿ) ಬಯಸಿದ್ದರು. 6 ತಿಂಗಳಾದರೂ ತಡೆಯಿರಿ ಎಂದು, ಇವರ ಅನುಮತಿಯಿಂದ, ನಾನೇ ಅವರಲ್ಲಿ ಕೇಳಿಕೊಂಡೆ. ಅಯ್ಯನವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಮೊದಲ ಕಂತು ಕೊಡಲು ಹೋದಾಗ ಅಕ್ಕ ಒಳಗೆ ಕರೆಯಲಿಲ್ಲವಂತೆ. ಹೊಸ್ತಿಲಲ್ಲೇ ನಿಂತು ಹಣ ಎಣಿಸಿ, "ಉಳಿದಿದ್ದು ಯಾವಾಗ ಕೊಡ್ತೀಯಾ?" ಎಂದಷ್ಟೇ ಕೇಳಿದರಂತೆ. ಎರಡನೆಯ ತಿಂಗಳೂ ಹಾಗೆಯೇ ಆಯಿತು. ಮೂರನೆಯ ಸಲ ಕುರ್ಚಿ ಹಾಕಿ, ಒಂದು ತಟ್ಟೆ ಮಂಡಕ್ಕಿ, ಎರಡು ಮಿರ್ಚಿ ತಂದಿಟ್ಟು, ಮಾತಾಡದೆ ಅಡುಗೆಮನೆಗೆ ಹೋದರಂತೆ. ಅದನ್ನು ಕ್ಷಮೆ ಎಂದುಕೊಳ್ಳಬಹುದೇ ಎಂದು ಇವರು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಮುಂದಿನ ಭೇಟಿಯನ್ನು ನಾಲ್ಕನೆಯ ಕಂತು ಕೊಟ್ಟ ಮೇಲೆ ಇಟ್ಟುಕೊಂಡಿದ್ದೇವೆ.