ಹಳೆಯ ತಮಿಳು ಫ್ಯಾಮಿಲಿ ಸಿನಿಮಾ ಒಂದೇ ಒಂದು ನೋಡುವುದಾದರೆ ಯಾವುದು? ಎಲ್ಲದರ ಕೊನೆಯೂ ಒಂದೇ ಥರ ಅಲ್ವಾ?

ನನ್ನ ಓಟು ‘ಸಂಸಾರಂ ಅದು ಮಿನ್ಸಾರಂ’ ಚಿತ್ರಕ್ಕೆ. 1986ರದ್ದು. ಚೆನ್ನೈನ ಹಳೆಯ ದೊಡ್ಡ ಸಿನಿಮಾ ಸಂಸ್ಥೆ ಎವಿಎಂ ನಿರ್ಮಾಣ, ವಿಸು ನಿರ್ದೇಶನ. ನೀವು ಹೇಳಿದ್ದು ನಿಜ, ಕೊನೆಯಲ್ಲಿ ಎಲ್ಲರೂ ಅತ್ತು, ಕಾಲಿಗೆ ಬಿದ್ದು, ಒಂದೇ ಮನೆ ಸೇರಿಕೊಳ್ಳುವ ಸಿನಿಮಾಗಳೇ ಜಾಸ್ತಿ. ಇದು ಹಾಗಲ್ಲ, ಅದಕ್ಕೇ ಇದನ್ನು ಆರಿಸಿದ್ದು. ಕೊನೆಯ ಬಗ್ಗೆ ಬರೆಯದೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಅಮ್ಮಯ್ಯಪ್ಪ ಮುದಲಿಯಾರ್ ಸಂಬಳದಲ್ಲೇ ಸಂಸಾರ ತೂಗಿಸಿದ ಮನುಷ್ಯ. ಪಾತ್ರ ಮಾಡಿರುವುದು ವಿಸು ಅವರೇ. ಹೆಂಡತಿ ಗೋದಾವರಿ, ಮೂರು ಗಂಡುಮಕ್ಕಳು, ಒಬ್ಬಳು ಮಗಳು, ಸೊಸೆಯರು. ದೊಡ್ಡ ಮಗ ಚಿದಂಬರಂ ಲೆಕ್ಕದಲ್ಲಿ ಬಲು ಬಿಗಿ. ಈ ಪಾತ್ರದಲ್ಲಿ ರಘುವರನ್. ಆಮೇಲೆ ರಜನಿಕಾಂತ್ ಅವರ ‘ಬಾಷಾ’ದಲ್ಲಿ ವಿಲನ್ ಮಾರ್ಕ್ ಆಂಟನಿ ಆಗಿ ಹೆದರಿಸಿದವರು ಇಲ್ಲಿ ಬರೀ ಮನೆಖರ್ಚಿನ ಮಾತಾಡಿಯೇ ಮೈ ಉರಿಸುತ್ತಾರೆ. ಚಿದಂಬರಂ ಹೆಂಡತಿ ಉಮಾ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಊಟಕ್ಕೆ ಒಂದು ಬಾಯಿ ಕಡಿಮೆ ಆಯಿತಲ್ಲ, ಹಾಗಾಗಿ ಮನೆಗೆ ಕೊಡುವ ದುಡ್ಡನ್ನೂ ಕಡಿಮೆ ಮಾಡುತ್ತೇನೆ ಅನ್ನುತ್ತಾನೆ ಇವನು. ಅಲ್ಲಿಂದ ಮಾತಿಗೆ ಮಾತು ಬೆಳೆಯುತ್ತದೆ. ಅಪ್ಪ ಹೆಂಡತಿಯನ್ನು ಕರೆದು ಮನೆಯ ನಡುವೆ ಗೆರೆ ಎಳೆಸುತ್ತಾನೆ. ಒಂದೇ ಸೂರು, ಆ ಕಡೆ ಮಗ, ಈ ಕಡೆ ಅಪ್ಪ.

ನನಗೆ ಈ ಸಿನಿಮಾ ಹಿಡಿಸುವುದು ಇಲ್ಲೇ. ಮನೆ ಒಡೆಯಲು ಹೊರಗಿನ ವಿಲನ್ ಬರುವುದಿಲ್ಲ. ಕೆಟ್ಟ ಸೊಸೆಯೂ ಇಲ್ಲ. ತಿಂಗಳ ಖರ್ಚಿಗೆ ಯಾರು ಎಷ್ಟು ಕೊಡಬೇಕು ಅನ್ನುವುದಷ್ಟೇ ಜಗಳ. ಹೆಚ್ಚಿನ ಕುಟುಂಬ ಚಿತ್ರಗಳು ಪ್ರೀತಿ, ತ್ಯಾಗ ಅಂತ ಮಾತಾಡಿ ಈ ದುಡ್ಡಿನ ವಿಷಯಕ್ಕೆ ಕೈ ಹಾಕುವುದೇ ಇಲ್ಲ. ಇನ್ನೊಂದು, ಅಪ್ಪನೂ ಸಾಚಾ ಅಲ್ಲ. ಅವನ ಹಟವೂ ಮಗನಷ್ಟೇ ಇದೆ.

ಬಾಣಂತನ ಮುಗಿಸಿ ಬಂದ ಉಮಾಗೆ ಕಾಣುವುದು ಈ ಗೆರೆ. ಉಮಾ ಪಾತ್ರದಲ್ಲಿ ಲಕ್ಷ್ಮಿ, ನಮ್ಮ ‘ನಾ ನಿನ್ನ ಮರೆಯಲಾರೆ’ಯ ಲಕ್ಷ್ಮಿಯೇ. ಅವಳು ಕೂಗಾಡುವುದಿಲ್ಲ. ಉಪಾಯದಿಂದ ಒಬ್ಬೊಬ್ಬರ ಗಂಟನ್ನೂ ಬಿಡಿಸುತ್ತಾಳೆ. ಅಪ್ಪ ಮಗ ಒಂದಾಗುತ್ತಾರೆ. ಇನ್ನೇನು ಗ್ರೂಪ್ ಫೋಟೊ ತೆಗೆಯಬೇಕು ಅನ್ನುವಾಗ ಅವಳೇ ಬೇಡ ಅನ್ನುತ್ತಾಳೆ. ಒಮ್ಮೆ ಒಡೆದ ಮನೆ ಇದು, ಮತ್ತೆ ಒಂದೇ ಕಡೆ ಇದ್ದರೆ ಮತ್ತೆ ಜಗಳ, ಬೇರೆ ಇದ್ದುಕೊಂಡು ಆಗಾಗ ಬಂದು ಹೋಗಿ ಚೆನ್ನಾಗಿರೋಣ ಅನ್ನುವುದು ಅವಳ ಮಾತಿನ ಸಾರ. 1986ರಲ್ಲಿ, ಅದೂ ಎವಿಎಂ ಬ್ಯಾನರಿನಲ್ಲಿ, ದೊಡ್ಡ ಸೊಸೆಯ ಬಾಯಲ್ಲಿ ಇದನ್ನು ಹೇಳಿಸಲು ಧೈರ್ಯ ಬೇಕು. ಜನ ಒಪ್ಪಿಕೊಂಡರು. ಮನರಂಜನೆಯ ಅತ್ಯುತ್ತಮ ಜನಪ್ರಿಯ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಮನೆಗೆಲಸದ ಕಣ್ಣಮ್ಮನಾಗಿ ಮನೋರಮಾ ಇದ್ದಾರೆ. ಮಗಳ ಮಾವನ ಪಾತ್ರದ ಕಿಶ್ಮು ಜತೆ ಅವರ ಒಂದು ಜಗಳದ ದೃಶ್ಯ ಇದೆ, ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಸುಮ್ನೆ ನೋಡಿ.

ಹಳಸಿದ್ದೂ ಇದೆ. ಪ್ರೀತಿಸಿ ಕ್ರೈಸ್ತ ಮನೆಗೆ ಮದುವೆಯಾದ ಮಗಳು, ಮೈದುನನಿಗೆ ಪಾಠ ಹೇಳುವ ಎರಡನೇ ಸೊಸೆ, ಇಬ್ಬರ ಕಥೆಯಲ್ಲೂ ಹೊಂದಿಕೊಂಡು ಹೋಗಬೇಕಾದವಳು ಹೆಂಗಸೇ. ಉಮಾಳನ್ನು ಅಷ್ಟು ಚೆನ್ನಾಗಿ ಬರೆದವರು ಇಲ್ಲಿ ಯಾಕೆ ಎಡವಿದರೋ. ಕ್ಯಾಮೆರಾ ಕೂಡ ಹೆಚ್ಚು ಹೊತ್ತು ನಾಟಕದ ಮುಂದಿನ ಸಾಲಿನಲ್ಲಿ ಕೂತ ಹಾಗೇ ಇರುತ್ತದೆ. ಮೂಲ ವಿಸು ಅವರ ನಾಟಕವೇ ಅಲ್ವಾ, 1975ರಲ್ಲಿ ‘ಉರವುಕ್ಕು ಕೈ ಕೊಡುಪ್ಪೋಂ’ ಅಂತ ಒಮ್ಮೆ ಸಿನಿಮಾ ಕೂಡ ಆಗಿತ್ತು.

ತೆಲುಗು, ಹಿಂದಿ, ಮಲಯಾಳಂ ರೀಮೇಕ್‌ಗಳಿವೆ. ಹಿಂದಿಯ ‘ಸಂಸಾರ್’ನಲ್ಲಿ ರೇಖಾ ಇದ್ದಾರೆ. ಆದರೂ ತಮಿಳಿನದ್ದನ್ನೇ ನೋಡಿ. ವಿಸು ಮಾತನ್ನು ತಿರುಗಿಸಿ ತಿರುಗಿಸಿ ಆಡುವ ಪರಿ ಸಬ್‌ಟೈಟಲ್‌ಗೆ ಸಿಗುವುದಿಲ್ಲ. ಸ್ವಲ್ಪ ತಮಿಳು ಬರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡರೆ ಒಳ್ಳೆಯದು.