ಲೋಟದ ನೀರಿಗೆ ಬೆರಳು ಅದ್ದಿದರೆ ತೂಕ ಹೆಚ್ಚುತ್ತದಾ?

ಪ್ರಶ್ನೆ: ಬಾವಿಯಿಂದ ಸೇದುವಾಗ ತುಂಬಿದ ಕೊಡ ನೀರೊಳಗೆ ಇರುವ ತನಕ ಹಗುರ, ಮೇಲೆ ಬಂದ ಕೂಡಲೇ ಭಾರ. ನೀರಿಗೆ ಎತ್ತುವ ಶಕ್ತಿ ಎಲ್ಲಿಂದ ಬಂತು?

ಉತ್ತರ: ಎತ್ತುವುದಕ್ಕೆ ಅಂತ ನೀರಿನಲ್ಲಿ ಬೇರೆ ಶಕ್ತಿ ಏನೂ ಇಲ್ಲ. ಅದಕ್ಕೆ ಬರುವುದು ಒತ್ತುವುದೊಂದೇ. ಎಲ್ಲಾ ಕಡೆಯಿಂದ ಒತ್ತುತ್ತದೆ, ಆಳ ಹೆಚ್ಚಿದಷ್ಟೂ ಜೋರಾಗಿ ಒತ್ತುತ್ತದೆ. ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ಒಂದು ಡಬ್ಬಿಯನ್ನು, ಅದರ ಮುಚ್ಚಳ ನೀರಿನ ಮಟ್ಟದಿಂದ 10 ಸೆಂಟಿಮೀಟರ್ ಕೆಳಗೆ ಬರುವ ಹಾಗೆ ಮುಳುಗಿಸಿ ಹಿಡಿದಿದ್ದೀರಿ ಅಂದುಕೊಳ್ಳಿ. ಮುಚ್ಚಳದ ಮೇಲೆ ನಿಂತಿರುವುದು ಸರಿಯಾಗಿ ಒಂದು ಲೀಟರ್ ನೀರು. ಅಂದರೆ 1 ಕಿಲೋ ಭಾರ ಕೆಳಕ್ಕೆ. ಡಬ್ಬಿಯ ತಳ ಇರುವುದು 20 ಸೆಂಟಿಮೀಟರ್ ಆಳದಲ್ಲಿ, ಅಲ್ಲಿ ನೀರಿನ ಒತ್ತಡ ಎರಡರಷ್ಟು, ಹಾಗಾಗಿ ತಳವನ್ನು ಮೇಲಕ್ಕೆ ತಳ್ಳುವುದು 2 ಕಿಲೋ. ಅಕ್ಕಪಕ್ಕದ ಒತ್ತು ಒಂದಕ್ಕೊಂದು ಸರಿಹೋಯಿತು. ಕಳೆದರೆ ಉಳಿಯುವುದು ಮೇಲಕ್ಕೆ 1 ಕಿಲೋ, ಅದೇ ಆ ಡಬ್ಬಿ ಜಾಗ ಬಿಡಿಸಿದ ನೀರಿನ ತೂಕ. ಇನ್ನೂ ಆಳಕ್ಕೆ ಇಳಿಸಿ, ಮೇಲೆ 10 ಕಿಲೋ, ಕೆಳಗಿನಿಂದ 11 ಕಿಲೋ, ವ್ಯತ್ಯಾಸ ಮತ್ತೆ ಅಷ್ಟೇ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಈ ಕಳೆಯುವ ಲೆಕ್ಕ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಿಮ್ಮ ಕೊಡಕ್ಕೆ ಬರೋಣ. ನೀರೊಳಗಿನ ನೀರಿನ ಭಾರವನ್ನು ಸುತ್ತಲಿನ ನೀರೇ ಹೊರುತ್ತದೆ, ನಿಮ್ಮ ಕೈಗೆ ಸಿಗುವುದು ಬರೀ ಲೋಹದ ಭಾರ, ಅದರಲ್ಲೂ ಸ್ವಲ್ಪ ಕಡಿತ!

ಪ್ರಶ್ನೆ: ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು, ಲೋಟವನ್ನು ಮುಟ್ಟದೆ ಬೆರಳನ್ನು ಮಾತ್ರ ನೀರಿಗೆ ಅದ್ದಿದರೆ ತೂಕ ಜಾಸ್ತಿ ತೋರಿಸುತ್ತದಾ? ಮನೆಯಲ್ಲಿ ಜಗಳವೇ ಆಯಿತು.

ಉತ್ತರ: ತೋರಿಸುತ್ತದೆ. ಸುಮ್ನೆ ನಂಬಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾನು ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಅದ್ದಿದೆ, 9 ಗ್ರಾಂ ಏರಿತು, ತೆಗೆದರೆ ಹೆಚ್ಚುಕಡಿಮೆ ಮೊದಲಿನಷ್ಟೇ (ಬೆರಳಿಗೆ ಅಂಟಿಕೊಂಡು ಬಂದ ಹನಿಗಳನ್ನು ಬಿಟ್ಟರೆ). ನೀರು ನಿಮ್ಮ ಬೆರಳನ್ನು ಮೇಲಕ್ಕೆ ತಳ್ಳುತ್ತಿದೆ ಅಂದಮೇಲೆ ಬೆರಳು ನೀರನ್ನು ಕೆಳಕ್ಕೆ ತಳ್ಳಲೇಬೇಕಲ್ವಾ? ಬೆರಳು ಹೋದಾಗ ನೀರಿನ ಮಟ್ಟ ಏರುತ್ತದೆ, ಮಟ್ಟ ಏರಿದರೆ ತಳದ ಮೇಲಿನ ಒತ್ತಡ ಏರುತ್ತದೆ, ತಕ್ಕಡಿಗೆ ತಿಳಿಯುವುದು ಅದೊಂದೇ. ಬೆರಳಿನ ಬದಲು ದಾರ ಕಟ್ಟಿದ ಕಲ್ಲನ್ನು ಇಳಿಬಿಟ್ಟರೂ ಹೀಗೇ, ಕಲ್ಲಿನ ಪೂರ್ತಿ ತೂಕ ಬರುವುದಿಲ್ಲ, ಅದು ಸರಿಸಿದ ನೀರಿನ ತೂಕವಷ್ಟೇ ಬರುತ್ತದೆ. ದಾರ ಬಿಟ್ಟು ಕಲ್ಲು ತಳಕ್ಕೆ ಕೂತರೆ ಪೂರ್ತಿ ತೂಕ.

ಇನ್ನೊಂದು ತಮಾಷೆ ಇದೆ. ಲೋಟ ಅಂಚಿನವರೆಗೆ ತುಂಬಿದ್ದು, ಬೆರಳು ಅದ್ದಿದಾಗ ನೀರು ಚೆಲ್ಲಿ ತಕ್ಕಡಿಯಿಂದ ಆಚೆ ಹೋದರೆ, ತೂಕ ಒಂದು ಗ್ರಾಂ ಕೂಡ ಏರುವುದಿಲ್ಲ. ಮಟ್ಟ ಏರಲಿಲ್ಲವಲ್ಲ! ಹಾಗಾಗಿ ಜಗಳದಲ್ಲಿ ಸೋತವರು ಇದನ್ನು ಹಿಡಿದು ಮತ್ತೆ ಶುರು ಮಾಡಬಹುದು.

ಪ್ರಶ್ನೆ: ಅಣೆಕಟ್ಟಿನ ಹಿಂದೆ ನೀರು ಹತ್ತು ಕಿಲೋಮೀಟರ್ ಹರಡಿದ್ದರೆ ಗೋಡೆಗೆ ಒತ್ತಡ ಜಾಸ್ತಿಯಾ?

ಉತ್ತರ: ಇಲ್ಲ. ನಿಂತ ನೀರಿನಲ್ಲಿ ಆಳ ಒಂದೇ ಲೆಕ್ಕಕ್ಕೆ ಬರುವುದು. 10 ಮೀಟರ್ ಆಳಕ್ಕೆ ಇಳಿದರೆ ಸುಮಾರು ಒಂದು ವಾಯುಮಂಡಲದಷ್ಟು (ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು) ಒತ್ತಡ ಸೇರುತ್ತದೆ, ಅದು ಸಮುದ್ರವಾಗಲಿ ಕಿರಿದಾದ ಕೊಳವೆಯಾಗಲಿ. ಫ್ಲಾಂಡರ್ಸ್‌ನ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ಇದನ್ನು ಬರೆದಿದ್ದ. ಗೋಡೆ ಬುಡದಲ್ಲಿ ದಪ್ಪ ಇರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನೀರಿನ ತೊಟ್ಟಿಯ ತೂತಿಗೆ ಮರದ ಬಿರಡೆ ಹಾಕಿದ್ದೇವೆ. ಮರ ತೇಲಬೇಕಲ್ಲ, ಅದೇಕೆ ಎದ್ದು ಬರುವುದಿಲ್ಲ?

ಉತ್ತರ: ಈ ಸಲ ನನಗೆ ತುಂಬಾ ಹಿಡಿಸಿದ ಪ್ರಶ್ನೆ. ಮೊದಲನೇ ಉತ್ತರದ ಡಬ್ಬಿ ನೆನಪಿದೆಯಲ್ಲ, ಅದರ ತಳವನ್ನು ಮೇಲಕ್ಕೆ ತಳ್ಳುವುದಕ್ಕೆ ಕೆಳಗೆ ನೀರಿತ್ತು. ನಿಮ್ಮ ಬಿರಡೆಯ ಕೆಳಗೆ ಇರುವುದು ಗಾಳಿ. ಬಿರಡೆ 5 ಸೆಂಟಿಮೀಟರ್ ಅಗಲ ಇದ್ದು, ಅದರ ಮೇಲೆ 40 ಸೆಂಟಿಮೀಟರ್ ನೀರಿದ್ದರೆ ಸುಮಾರು 800 ಗ್ರಾಂ ಭಾರ ಅದನ್ನು ತೂತಿಗೆ ಅದುಮಿ ಹಿಡಿದಿರುತ್ತದೆ. ಜಗ್ಗುವಾಗ ಮೊದಲು ಬಿಗಿ ಇದ್ದು ಆಮೇಲೆ ಪಟ್ ಅಂತ ಕೈಗೆ ಬರುವುದು ಇದಕ್ಕೇ. ಸಂದಿಯಲ್ಲಿ ನೀರು ಅಡಿಗೆ ನುಗ್ಗಿತು, ಆ ಕ್ಷಣದಿಂದ ಅದು ತೇಲುವ ಮರ.